ಬೆಂಗಳೂರು ದರ್ಶನ, ಸೊನ್ನೆಗಳ ಲೆಕ್ಕದಲ್ಲಿ

12 ಸೆಕೆಂಡು. 1903ರ ಡಿಸೆಂಬರ್ 17ರಂದು ರೈಟ್ ಸೋದರರ ವಿಮಾನ ಮೊದಲ ಸಲ ನೆಲ ಬಿಟ್ಟು ಮೇಲಿದ್ದದ್ದು ಇಷ್ಟೇ ಹೊತ್ತು. ಹಾರಿದ ದೂರ 120 ಅಡಿ, ಅಂದರೆ ಸುಮಾರು 36 ಮೀಟರು. ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯದಲ್ಲಿ ಆ ವಿಮಾನದ ನಿಜಗಾತ್ರದ ಪ್ರತಿಕೃತಿ ಇದೆ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 12 ಮೀಟರು ದಾಟುವ ಬಟ್ಟೆ-ಕಟ್ಟಿಗೆಯ ಜೋಡಣೆ ಅದು. ಇಂದಿನ ಬೋಯಿಂಗ್ 747 ವಿಮಾನದ ರೆಕ್ಕೆಯ ಒಂದು ತುದಿಯಲ್ಲಿ ಹೊರಟಿದ್ದರೆ ಈ ವಿಮಾನ ಇನ್ನೊಂದು ತುದಿ ಮುಟ್ಟುವ ಮೊದಲೇ ಇಳಿದುಬಿಡುತ್ತಿತ್ತು! ವೇಗವನ್ನಂತೂ ಕೇಳಲೇಬೇಡಿ. ನೆಲದ ಲೆಕ್ಕದಲ್ಲಿ ಗಂಟೆಗೆ ಸುಮಾರು 11 ಕಿ.ಮೀ. ಕಚೇರಿ ಬಿಡುವ ಹೊತ್ತಿನ ಹೊಸೂರು ರಸ್ತೆಯ ಕಾರಿಗೂ ಅದಕ್ಕೂ ಒಳ್ಳೆ ಪೈಪೋಟಿ ನಡೆಯುತ್ತಿತ್ತು.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಬೆಂಗಳೂರು ಸುತ್ತುವವರು ಸಾಮಾನ್ಯವಾಗಿ ಲೆಕ್ಕ ಹಾಕುವುದು ಟಿಕೆಟ್ಟಿನ ದುಡ್ಡು, ಪಾರ್ಕಿಂಗ್ ದುಡ್ಡು, ಊಟದ ದುಡ್ಡು ಮಾತ್ರ. ನಾನು ಹೇಳಹೊರಟಿರುವುದು ಬೇರೆ ಲೆಕ್ಕ. ಈ ಊರಿನ ನೋಡುವ ಜಾಗಗಳಲ್ಲಿ ಸುಮ್ಮನೆ ಕೂತಿರುವ ಸಂಖ್ಯೆಗಳದ್ದು. ಎದುರಿಗಿಟ್ಟುಕೊಂಡು ಸೆಲ್ಫಿ ತೆಗೆದುಕೊಳ್ಳುತ್ತೇವೆ, ಐಸ್‌ಕ್ರೀಮ್ ತಿನ್ನುತ್ತೇವೆ, ಅವುಗಳ ಗಾತ್ರ ಮಾತ್ರ ನಮ್ಮ ತಲೆಗೆ ಹತ್ತುವುದೇ ಇಲ್ಲ.

ಹಳೇ ವಿಮಾನ ನಿಲ್ದಾಣ ರಸ್ತೆಗೆ ಬನ್ನಿ. ಎಚ್‌ಎಎಲ್ ಪಾರಂಪರಿಕ ಕೇಂದ್ರದ ಅಂಗಳದಲ್ಲಿ ಮಿಗ್-21 ನಿಂತಿದೆ. ಗಂಟೆಗೆ 2,100 ಕಿ.ಮೀ. ದಾಟುವ ಯುದ್ಧವಿಮಾನ. ರೈಟ್ ವಿಮಾನಕ್ಕಿಂತ ಸುಮಾರು 190 ಪಟ್ಟು ವೇಗ, ಅದೂ ಮೊದಲ ಹಾರಾಟವಾಗಿ ಐವತ್ತು ಚಿಲ್ಲರೆ ವರ್ಷಗಳಲ್ಲಿ. ಬೆಂಗಳೂರಿನಿಂದ ಮೈಸೂರಿಗೆ 145 ಕಿ.ಮೀ. ಮಿಗ್ ತನ್ನ ಪೂರ್ತಿ ವೇಗದಲ್ಲಿದ್ದರೆ ಇದಕ್ಕೆ ಸುಮಾರು 4 ನಿಮಿಷ ಸಾಕು. ಕೆಂಗೇರಿಯ ಸಿಗ್ನಲ್ಲಿನಲ್ಲಿ ನಾವು ಅದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತೇವೆ.

ಅದಕ್ಕಿಂತ ಮಜಾ ಇನ್ನೊಂದಿದೆ. ಭೂಮಿ ತನ್ನ ಸುತ್ತ ತಾನು ತಿರುಗುವಾಗ ಬೆಂಗಳೂರಿನ ನೆಲ ಗಂಟೆಗೆ ಸುಮಾರು 1,630 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಓಡುತ್ತಿದೆ. ಮಿಗ್ ಅದಕ್ಕಿಂತಲೂ ವೇಗ! ಸೂರ್ಯ ಮುಳುಗಿದ ಮೇಲೆ ಇಲ್ಲಿಂದ ಎದ್ದು ಪಶ್ಚಿಮದ ಕಡೆ ಸೀದಾ ಓಡಿಸಿದರೆ, ಮುಳುಗಿದ ಸೂರ್ಯ ಪಶ್ಚಿಮದಲ್ಲೇ ಮತ್ತೆ ಮೇಲೇಳುತ್ತಾನೆ. ಇಂಧನ ಎಷ್ಟು ಹೊತ್ತು ಬರುತ್ತದೆ ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ. ಈ ಮಿಗ್‌ನ ಪಕ್ಕದಲ್ಲೇ ಮಾರುತ್ ಇದೆ, 1961ರಲ್ಲಿ ಇದೇ ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮದೇ ಜೆಟ್. ಮಕ್ಕಳು ಮಾತ್ರ ಅದರ ಹೊಟ್ಟೆಯ ಕೆಳಗೆ ನೆರಳು ಹುಡುಕಿಕೊಂಡು ಚಿಪ್ಸ್ ಪ್ಯಾಕೆಟ್ ಬಿಚ್ಚುತ್ತಾರೆ.

ವೇಗ ಸಾಕು, ತೂಕಕ್ಕೆ ಬರೋಣ. ಬನ್ನೇರುಘಟ್ಟದ ಜೈವಿಕ ಉದ್ಯಾನದ ಬೆಳೆದ ಆನೆಯೊಂದರ ತೂಕವನ್ನು 4 ಟನ್ ಎಂದು ಹಿಡಿಯಿರಿ. 60 ಕಿಲೋದ 66 ಜನ ಅಂದಹಾಗಾಯಿತು. ಬಿಎಂಟಿಸಿ ಬಸ್ಸಿನಲ್ಲಿ ಕೂತವರು, ನಿಂತವರು, ಫುಟ್‌ಬೋರ್ಡಿನಲ್ಲಿ ನೇತಾಡುವವರು ಎಲ್ಲ ಸೇರಿ ಒಂದು ಆನೆ. ದಿನಕ್ಕೆ 150 ಕಿಲೋ ಮೇವು ಅದಕ್ಕೆ ಬೇಕು. ವರ್ಷಕ್ಕೆ ಸುಮಾರು 55 ಟನ್. ತನ್ನಷ್ಟೇ ತೂಕದ 13 ಆನೆಗಳಷ್ಟು ಸೊಪ್ಪು, ಹುಲ್ಲು, ಕೊಂಬೆಗಳನ್ನು ಒಂದೇ ಆನೆ ವರ್ಷದಲ್ಲಿ ಮುಗಿಸುತ್ತದೆ! ಅಲ್ಲೇ ಆವರಣದಲ್ಲಿ ದೇಶದ ಮೊದಲ ಚಿಟ್ಟೆ ಉದ್ಯಾನವಿದೆ. ಚಿಟ್ಟೆಯೊಂದು ಅರ್ಧ ಗ್ರಾಂ ಎಂದುಕೊಂಡರೂ ತಕ್ಕಡಿಯಲ್ಲಿ ಆ ಆನೆಗೆ ಸಮನಾಗಿ ತೂಗಲು 80 ಲಕ್ಷ ಚಿಟ್ಟೆ ಬೇಕು. ಆನೆ ಸುಮ್ಮನೆ ನಿಂತೀತು. 80 ಲಕ್ಷ ಚಿಟ್ಟೆಗಳನ್ನು ತಕ್ಕಡಿಯ ಮೇಲೆ ಕೂರಿಸುವವರು ಯಾರು?

ಸಫಾರಿ ಬಸ್ಸು ಸುತ್ತಿಬರುವುದು ಈ ಕಾಡಿನ ಒಂದು ಚೂರನ್ನು ಮಾತ್ರ. ಆಚೆಗಿರುವ ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ ಸುಮಾರು 260 ಚದರ ಕಿ.ಮೀ. 240 ಎಕರೆಯ ಲಾಲ್‌ಬಾಗನ್ನು ಅದರೊಳಗೆ 267 ಸಲ ಹಾಸಬಹುದು. ಆ ಲಾಲ್‌ಬಾಗಾದರೂ ಚಿಕ್ಕದೇ? ಬೆಂಗಳೂರಿಗರಿಗೆ ಅರ್ಥವಾಗುವ ಅಳತೆ ಒಂದೇ: 30-40 ಸೈಟು. ರಸ್ತೆ ಬಿಡದೆ, ಮೋರಿ ಬಿಡದೆ ಕತ್ತರಿಸಿದರೆ ಲಾಲ್‌ಬಾಗ್ 8,712 ಸೈಟು. (ಈ ಲೆಕ್ಕವನ್ನು ರಿಯಲ್ ಎಸ್ಟೇಟ್ ಮಂದಿಯ ಕಿವಿಗೆ ಹಾಕಬೇಡಿ.)

ಸೈಟಿನ ಅಳತೆಗೆ ಇನ್ನೊಂದು ಗಿರಾಕಿಯೂ ಇದೆ. ಮೈಸೂರು ರಸ್ತೆಯಲ್ಲಿ ಹೋಗಿ ಒಳಗೆ ತಿರುಗಿದರೆ ಸಿಗುವ ಕೇತೋಹಳ್ಳಿಯ ದೊಡ್ಡ ಆಲದ ಮರ. ವಯಸ್ಸು ಸುಮಾರು 400 ವರ್ಷ. ಹರಡಿರುವ ಜಾಗ 3 ಎಕರೆ. ಅಂದರೆ ಒಂದು ಮರ, 108 ಸೈಟು! ಸರಿಯಾಗಿ ಅಷ್ಟೋತ್ತರ. ಮೂಲ ಕಾಂಡ ರೋಗ ಬಂದು ಎಂದೋ ಹೋಯಿತು, ಬಿಳಲುಗಳೇ ಕಂಬಗಳಾಗಿ ನಿಂತು ಸಂಸಾರ ನಡೆಸುತ್ತಿವೆ. ಒಂದು ಮರವನ್ನು ನೋಡಲು ಹೋದವರು ಅದರೊಳಗೆ ಮಕ್ಕಳನ್ನು ಕಳೆದುಕೊಂಡು ಹುಡುಕುತ್ತಾರೆ.

400 ವರ್ಷ ಎಂದು ಬಾಯಿ ಬಿಟ್ಟವರು ಕಬ್ಬನ್ ಪಾರ್ಕಿನ ಮಗ್ಗುಲಿಗೆ ಬರಬೇಕು. ಸರ್ಕಾರಿ ವಸ್ತುಸಂಗ್ರಹಾಲಯ ಶುರುವಾದದ್ದು 1865ರಲ್ಲಿ, ಅದಕ್ಕೇ 160 ವರ್ಷ. ಒಳಗಿರುವ ಆತಕೂರಿನ ವೀರಗಲ್ಲಿಗೆ 1,070ಕ್ಕೂ ಹೆಚ್ಚು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೆರನಿಗೆ ಗಂಗರ ಬೂತುಗ ಏನು ಬೇಕೋ ಕೇಳು ಎಂದ. ಊರು ಕೇಳಬಹುದಿತ್ತು, ಚಿನ್ನ ಕೇಳಬಹುದಿತ್ತು. ಅವನು ಕೇಳಿದ್ದು ರಾಜನ ನಾಯಿಯನ್ನು. ಅದರ ಹೆಸರು ಕಾಳಿ. ಆ ನಾಯಿ ಒಂದು ಹಂದಿಯ ಮೇಲೆ ಬಿದ್ದು ಎರಡೂ ಸತ್ತವು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ನಾಯಿಯ ಆಯುಸ್ಸು 12 ವರ್ಷ ಎಂದರೆ, ಸುಮಾರು 90 ನಾಯಿಗಳ ಬಾಳನ್ನು ಒಂದರ ಹಿಂದೊಂದು ಜೋಡಿಸಿದಷ್ಟು ಕಾಲದಿಂದ ಒಂದು ನಾಯಿಯ ಹೆಸರು ಕನ್ನಡದಲ್ಲಿ ಉಳಿದಿದೆ. ನಮ್ಮ ಮುತ್ತಜ್ಜನ ಅಜ್ಜನ ಹೆಸರು ನಮಗೆ ಗೊತ್ತಿಲ್ಲ.

ಆದರೆ ಸಾವಿರ ವರ್ಷವೂ ಈ ಊರಿನಲ್ಲಿ ಚಿಲ್ಲರೆಯೇ. ನಿಜವಾದ ಆಸಾಮಿ ಇರುವುದು ಲಾಲ್‌ಬಾಗಿನಲ್ಲಿ, ಕೆಂಪೇಗೌಡರ ಗೋಪುರದ ಕಾಲ ಬುಡದಲ್ಲಿ. ಭಾನುವಾರ ಸಂಜೆ ಕಡಲೆಕಾಯಿ ಸಿಪ್ಪೆ ಚೆಲ್ಲಿಕೊಂಡು ಜನ ಕೂರುವ ಆ ಬೋಳು ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂಬ ಫಲಕವೂ ಅಲ್ಲೇ ಇದೆ. ಓದಿದವರು ಹೌದೇ ಎಂದು ಹುಬ್ಬೇರಿಸಿ ಕೆರೆಯ ಕಡೆ ಹೊರಡುತ್ತಾರೆ. ಹುಬ್ಬು ಏರಿದ್ದು ಸಾಲದು. ಮೂರರ ಮುಂದೆ ಒಂಬತ್ತು ಸೊನ್ನೆ ಎಂದರೆ ಎಷ್ಟು?

ಹೀಗೆ ಮಾಡೋಣ. ಒಂದು ವರ್ಷಕ್ಕೆ ಒಂದು ಮಿಲಿಮೀಟರು. ಬಂಡೆಯ ಮೇಲಿಂದ ಹಿಂದಿನ ಕಾಲಕ್ಕೆ ನಡೆಯುತ್ತಾ ಹೊರಡೋಣ, ಮೈಸೂರು ರಸ್ತೆ ಹಿಡಿದು. 80 ವರ್ಷ ಬಾಳಿದವರ ಇಡೀ ಜೀವನ 8 ಸೆಂಟಿಮೀಟರು, ಬೆರಳಿಗಿಂತ ಸ್ವಲ್ಪ ಉದ್ದ. ಮೊದಲ ಹೆಜ್ಜೆ ಎತ್ತಿಡುವಷ್ಟರಲ್ಲಿ ಹೈದರಾಲಿ ಲಾಲ್‌ಬಾಗ್ ಶುರುಮಾಡಿದ 1760 ಹಿಂದೆ ಬಿತ್ತು, ಕೆಂಪೇಗೌಡರು ಊರು ಕಟ್ಟಿದ 1537 ಕೂಡ ಹಿಂದೆ ಬಿತ್ತು. ಎರಡನೆಯ ಹೆಜ್ಜೆ ಕಾಳಿ ನಾಯಿಯನ್ನು ದಾಟಿತು. ಮೂರನೆಯದು ಹಲ್ಮಿಡಿ ಶಾಸನವನ್ನು ದಾಟಿತು. ಮೂರು ಹೆಜ್ಜೆಗೆ ನಾವು ಓದಬಲ್ಲ ಕನ್ನಡ ಬಹುಮಟ್ಟಿಗೆ ಮುಗಿಯಿತು! ನಮ್ಮಂಥ ಮನುಷ್ಯರ ಮೊದಲ ಕುರುಹುಗಳಿಗೆ ಸುಮಾರು 3 ಲಕ್ಷ ವರ್ಷ, ಅಂದರೆ 300 ಮೀಟರು. ಬಂಡೆ ಇಳಿದು ನಾಲ್ಕು ಮರ ದಾಟಿದ್ದೇವೆ, ಪಶ್ಚಿಮದ ಗೇಟು ಇನ್ನೂ ಬಂದಿಲ್ಲ, ಮನುಷ್ಯಕುಲ ಖಾಲಿ.

ಇನ್ನು ಮುಂದೆ ಜನರಿಲ್ಲದ ದಾರಿ. ಲಾಲ್‌ಬಾಗಿನಲ್ಲೇ ಕಲ್ಲಾಗಿ ನಿಂತಿರುವ ಮರದ ಕಾಂಡವೊಂದಿದೆ, 2 ಕೋಟಿ ವರ್ಷದ್ದು. ಆ ಮರ ಹಸಿರಾಗಿದ್ದ ಕಾಲ ಸಿಗುವುದು 20 ಕಿ.ಮೀ. ನಡೆದ ಮೇಲೆ, ಕುಂಬಳಗೋಡಿನ ಆಸುಪಾಸಿನಲ್ಲಿ. ರಾಮನಗರಕ್ಕೆ 50 ಕಿ.ಮೀ., 5 ಕೋಟಿ ವರ್ಷ. ಭಾರತದ ನೆಲ ಏಷ್ಯಾಕ್ಕೆ ಡಿಕ್ಕಿ ಹೊಡೆದು ಹಿಮಾಲಯ ಏಳತೊಡಗಿದ್ದು ಹೆಚ್ಚುಕಡಿಮೆ ಆಗ. ಎವರೆಸ್ಟ್ ಹುಟ್ಟುವ ಹೊತ್ತಿಗೆ ನಮ್ಮ ಕಡಲೆಕಾಯಿ ಬಂಡೆಗೆ ಆಗಲೇ 295 ಕೋಟಿ ವರ್ಷ! ಚನ್ನಪಟ್ಟಣದ ಬೊಂಬೆ ಅಂಗಡಿಗಳು ಕಳೆದು ಸ್ವಲ್ಪ ದೂರ ಹೋದರೆ 66ನೇ ಕಿಲೋಮೀಟರು. ಡೈನೊಸಾರ್‌ಗಳು ಅಳಿದದ್ದು ಇಲ್ಲಿ. ಶ್ರೀರಂಗಪಟ್ಟಣದ ಹತ್ತಿರ, ಸುಮಾರು 13 ಕೋಟಿ ವರ್ಷದ ಹಿಂದೆ, ಭೂಮಿಯ ಮೊದಮೊದಲ ಹೂಗಳು ಅರಳುತ್ತಿವೆ. ಅದರಾಚೆ ಎಲ್ಲಿ ಹುಡುಕಿದರೂ ಹೂವಿಲ್ಲ. ಗಾಜಿನ ಮನೆಯಲ್ಲಿ ಆಗಸ್ಟ್ ಮತ್ತು ಜನವರಿಯಲ್ಲಿ ಲಕ್ಷಗಟ್ಟಲೆ ಹೂ ಜೋಡಿಸಿ ಫಲಪುಷ್ಪ ಪ್ರದರ್ಶನ ಮಾಡುತ್ತೇವಲ್ಲ, ಪಕ್ಕದ ಬಂಡೆ ಹೂವೆಂಬುದನ್ನೇ ಕಾಣದೆ 287 ಕೋಟಿ ವರ್ಷ ಕೂತಿತ್ತು.

ಮೈಸೂರು ದಾಟಿತು. ಕುಶಾಲನಗರದ ಹತ್ತಿರ, 230 ಕಿ.ಮೀ. ಸುಮಾರಿಗೆ, ಮೊದಲ ಡೈನೊಸಾರ್‌ಗಳು. ಕಸ್ತೂರಬಾ ರಸ್ತೆಯ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಕತ್ತು ಆಡಿಸಿ ಗರ್ಜಿಸುತ್ತಾ ಪುಟ್ಟ ಮಕ್ಕಳನ್ನು ಅಳಿಸುವ ಆ ಡೈನೊಸಾರಿನ ವಂಶಕ್ಕೆ ಇದಕ್ಕಿಂತ ಹಿಂದೆ ಚರಿತ್ರೆಯೇ ಇಲ್ಲ. ಮಡಿಕೇರಿ ಘಾಟಿ ಇಳಿದು ಮಂಗಳೂರು ಸೇರಿದರೆ 400 ಕಿ.ಮೀ., 40 ಕೋಟಿ ವರ್ಷ. ನೆಲದ ಮೇಲೆ ನಾಲ್ಕು ಕಾಲಿನ ಪ್ರಾಣಿ ಒಂದೂ ಇಲ್ಲ. ನಮ್ಮ ಪೂರ್ವಿಕರೆಲ್ಲ ಇನ್ನೂ ನೀರಿನಲ್ಲಿ. ಎದುರಿಗೆ ಸರಿಯಾಗಿ ಕಡಲೇ ಇದೆ, ನಾವೂ ಇಳಿಯೋಣ.

ಏಕೆಂದರೆ ಬಂಡೆಯ ವಯಸ್ಸಿನಲ್ಲಿ ಏಳರಲ್ಲೊಂದು ಭಾಗವೂ ಇನ್ನೂ ಮುಗಿದಿಲ್ಲ. ಉಳಿದದ್ದು 2,600 ಕಿ.ಮೀ. ಮಂಗಳೂರಿನ ದಡದಿಂದ ಇನ್ನೂರು ಕಿ.ಮೀ. ಆಚೆಗೆ ಹೋದರೆ ಪ್ರಾಣಿ ಎನ್ನಬಹುದಾದ ಜೀವವನ್ನು ಬರಿಗಣ್ಣಿನಿಂದ ಹುಡುಕುವುದೇ ಕಷ್ಟ. ಆಮೇಲೆ ದಿನಗಟ್ಟಲೆ ಈಜಿ, ಸುಮಾರು 2,000 ಕಿ.ಮೀ. ಅರಬ್ಬೀ ಸಮುದ್ರ ಕಳೆದ ಮೇಲೆ ಇನ್ನೊಂದು ಸಂಗತಿ: ಗಾಳಿಯಲ್ಲಿ ಆಮ್ಲಜನಕ ಸೇರತೊಡಗಿದ್ದು ಇಲ್ಲಿ, ಸುಮಾರು 240 ಕೋಟಿ ವರ್ಷದ ಹಿಂದೆ. ಅದಕ್ಕಿಂತ ಆಚೆಗೆ ಉಸಿರಾಡಲು ಏನೂ ಇಲ್ಲ. ಬಂಡೆ ಮಾತ್ರ ಆಗಲೂ ಇದೆ. ಉಸಿರಿಲ್ಲದ ಆ ಗಾಳಿಯಲ್ಲಿ ಇನ್ನೂ 600 ಕಿ.ಮೀ. ಈಜಿ, ಆಫ್ರಿಕದ ಕೊಂಬಿನ ತುದಿ ಕೈಗೆ ಸಿಗುವ ಹೊತ್ತಿಗೆ, ಬಂಡೆ ಹುಟ್ಟುತ್ತದೆ. ಲಾಲ್‌ಬಾಗಿನಿಂದ ಸೊಮಾಲಿಯಾದವರೆಗೆ, ಮಿಲಿಮೀಟರಿಗೊಂದು ವರ್ಷ! ಇದಕ್ಕೆ ಪ್ರತ್ಯೇಕ ಟಿಕೆಟ್ಟಿಲ್ಲ, ಉದ್ಯಾನದ ಪ್ರವೇಶದಲ್ಲೇ ಸೇರಿದೆ.

ಬಂಡೆಯಿಂದ ಕೂಗಳತೆಗೆ ಸ್ವಲ್ಪ ಆಚೆ ನಿಮ್ಹಾನ್ಸ್. ಅಲ್ಲೊಂದು ಮಿದುಳಿನ ವಸ್ತುಸಂಗ್ರಹಾಲಯವಿದೆ. ಗಾಜಿನ ಜಾಡಿಗಳಲ್ಲಿ ನೋಡುವುದಷ್ಟೇ ಅಲ್ಲ, ನಿಜವಾದ ಮನುಷ್ಯನ ಮಿದುಳನ್ನು ಮುಟ್ಟಿ ನೋಡಲೂ ಬಿಡುತ್ತಾರೆ. ಮಕ್ಕಳು ಮೊದಲು ಹಿಂದೆ ಸರಿಯುತ್ತಾರೆ, ಆಮೇಲೆ ಬಿಡುವುದೇ ಇಲ್ಲ. ತೂಕ ಹೆಚ್ಚೆಂದರೆ ಒಂದೂವರೆ ಕಿಲೋ, ಒಂದು ಹೂಕೋಸಿನಷ್ಟು. ಅದರೊಳಗಿನ ನರಕೋಶಗಳು ಸುಮಾರು 8,600 ಕೋಟಿ. ಭೂಮಿಯ ಮೇಲಿರುವ ಜನ 800 ಕೋಟಿ ದಾಟಿದ್ದಾರೆ. ಹತ್ತು ಭೂಮಿಯ ಜನಸಂಖ್ಯೆ ಅಂಗೈಯಲ್ಲಿ!

ಎಣಿಸಲು ಕೂರಿ, ನೋಡೋಣ. ಸೆಕೆಂಡಿಗೊಂದು, ಊಟವಿಲ್ಲ, ನಿದ್ದೆಯಿಲ್ಲ. ಮುಗಿಯಲು 2,725 ವರ್ಷ. ಅಂದರೆ ಇವತ್ತು ಮುಗಿಸಬೇಕಿದ್ದರೆ ಬುದ್ಧ ಹುಟ್ಟುವುದಕ್ಕೂ ಮುಂಚೆ ಶುರುಮಾಡಿರಬೇಕಿತ್ತು. ಅಶೋಕನ ಶಾಸನವನ್ನು ಬ್ರಹ್ಮಗಿರಿಯಲ್ಲಿ ಕೊರೆಯುವ ಹೊತ್ತಿಗೆ ಆರರಲ್ಲೊಂದು ಪಾಲು ಆಗಿರುತ್ತಿತ್ತು. ಹಲ್ಮಿಡಿಯ ಕಾಲಕ್ಕೆ ಅರ್ಧವೂ ಇಲ್ಲ. ಕೆಂಪೇಗೌಡರು ಬೆಂಗಳೂರು ಕಟ್ಟುವಾಗಲೂ ಇನ್ನೂ 1,500 ಕೋಟಿ ಬಾಕಿ. ಇಷ್ಟಾದರೂ ಎಣಿಸಿದ್ದು ಬರೀ ಕೋಶಗಳನ್ನು. ಕೋಶಕೋಶಗಳ ನಡುವಿನ ಕೂಡಿಕೆಗಳು 100 ಲಕ್ಷ ಕೋಟಿಯ ಸುಮಾರಿಗೆ ಎಂದು ಅಂದಾಜು. ಅದನ್ನೂ ಎಣಿಸಿಬಿಡುತ್ತೇನೆ ಎಂಬ ಹಟ ನಿಮಗಿದ್ದರೆ 31 ಲಕ್ಷ ವರ್ಷ ಬೇಕು. ನಮ್ಮ ಮಿಲಿಮೀಟರಿನ ದಾರಿಯಲ್ಲಿ 3 ಕಿ.ಮೀ. ದಾಟಿತು, ಮನುಷ್ಯಕುಲವನ್ನು ಹತ್ತು ಸಲ ಹಾಸಿದಷ್ಟು ದೂರ. ಇಂಥದ್ದೊಂದನ್ನು ಬುರುಡೆಯಲ್ಲಿಟ್ಟುಕೊಂಡೇ ನಾವು ಗಾಡಿ ಎಲ್ಲಿ ನಿಲ್ಲಿಸಿದೆವೆಂದು ಮರೆಯುವುದು.

ಸಂಜೆಗೆ ತಾರಾಲಯ. 1989ರಿಂದ ಹೈಗ್ರೌಂಡ್ಸಿನಲ್ಲಿರುವ ಜವಾಹರಲಾಲ್ ನೆಹರು ತಾರಾಲಯದ ಗುಮ್ಮಟ 15 ಮೀಟರು ಅಗಲ. ಆ ಗುಮ್ಮಟವನ್ನೇ ಸೂರ್ಯ ಎಂದುಕೊಳ್ಳಿ. ಆಗ ನಮ್ಮ ಭೂಮಿ 14 ಸೆಂಟಿಮೀಟರಿನ ಒಂದು ಚೆಂಡು. ಎಲ್ಲಿಡಬೇಕು? ಗುಮ್ಮಟದ ಅಂಗಳದಲ್ಲಲ್ಲ. ವಿಧಾನಸೌಧ ದಾಟಿ, ಕಬ್ಬನ್ ಪಾರ್ಕ್ ದಾಟಿ, 1.6 ಕಿ.ಮೀ. ದೂರದ ಕಂಠೀರವ ಕ್ರೀಡಾಂಗಣದ ಆಸುಪಾಸಿನಲ್ಲಿ. ಚಂದ್ರ ಆ ಚೆಂಡಿನಿಂದ ನಾಲ್ಕು ಮೀಟರಿನಾಚೆ. ಮನುಷ್ಯ ಇಲ್ಲಿಯವರೆಗೆ ಖುದ್ದಾಗಿ ಹೋಗಿಬಂದಿರುವ ಅತಿ ದೂರದ ಊರು ಆ ನಾಲ್ಕು ಮೀಟರಿನದು. ಗುರು ಎಂಟು ಕಿ.ಮೀ. ಆಚೆ. ಕೊನೆಯ ಗ್ರಹ ನೆಪ್ಚೂನ್ 48 ಕಿ.ಮೀ., ರಾಮನಗರದ ಕಡೆ. ಇಷ್ಟಕ್ಕೆ ಸೌರಮಂಡಲದ ಗ್ರಹಗಳು ಮುಗಿದವು.

ಪಕ್ಕದ ಮನೆ ಎಲ್ಲಿ? ಸೂರ್ಯನಿಗೆ ಅತ್ಯಂತ ಹತ್ತಿರದ ನಕ್ಷತ್ರ ಪ್ರಾಕ್ಸಿಮಾ ಸೆಂಟೌರಿ. ಈ ಅಳತೆಯಲ್ಲಿ ಅದನ್ನು ಇಡಲು ರಾಮನಗರವಲ್ಲ, ದೆಹಲಿಯಲ್ಲ, ಭೂಮಂಡಲದಲ್ಲೇ ಜಾಗ ಸಾಲದು. 4 ಲಕ್ಷ 30 ಸಾವಿರ ಕಿ.ಮೀ. ದೂರ ಬೇಕು. ನಿಜವಾದ ಚಂದ್ರ, ಆಕಾಶದಲ್ಲಿ ಕಾಣುವ ಆ ಚಂದ್ರ, ಇರುವುದೇ 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿ! ಸೂರ್ಯನನ್ನು ಹೈಗ್ರೌಂಡ್ಸಿನ ಗುಮ್ಮಟಕ್ಕೆ ಇಳಿಸಿದರೂ ಪಕ್ಕದ ನಕ್ಷತ್ರ ಚಂದ್ರನಿಂದಾಚೆಗೇ ಉಳಿಯಿತು. ಹಳೇ ವಿಮಾನ ನಿಲ್ದಾಣ ರಸ್ತೆಯ ಮಿಗ್ ಅನ್ನು ಈಗ ಕರೆಯೋಣ. ಪೂರ್ತಿ ವೇಗದಲ್ಲಿ ಅದು ನಿಜವಾದ ಚಂದ್ರನಿಗೆ ಎಂಟು ದಿನದೊಳಗೆ ಹೋಗುತ್ತದೆ, ಸೂರ್ಯನಿಗೆ 8 ವರ್ಷ, ಪ್ರಾಕ್ಸಿಮಾಗೆ ಸುಮಾರು 22 ಲಕ್ಷ ವರ್ಷ.

ಇಡೀ ಆಕಾಶಗಂಗೆಯನ್ನು ಇದೇ ಗುಮ್ಮಟದ ಅಳತೆಗೆ ತಂದರೆ? ಅದರ ಅಗಲ 1 ಲಕ್ಷ ಜ್ಯೋತಿರ್ವರ್ಷ ಎಂದು ಹಿಡಿದರೆ 1,000 ಕೋಟಿ ಕಿ.ಮೀ. ದಾಟುತ್ತದೆ. ನೆಪ್ಚೂನ್ ಸೂರ್ಯನನ್ನು ಸುತ್ತುವ ನಿಜವಾದ ಕಕ್ಷೆಯ ಅಗಲ 900 ಕೋಟಿ ಕಿ.ಮೀ. ಸೂರ್ಯನನ್ನು 15 ಮೀಟರಿಗೆ ಕುಗ್ಗಿಸಿದ ಮೇಲೂ ನಮ್ಮ ಗ್ಯಾಲಕ್ಸಿ ಅಸಲಿ ಸೌರಮಂಡಲದೊಳಗೆ ಹಿಡಿಸುವುದಿಲ್ಲ! ಅದರಲ್ಲಿರುವ ನಕ್ಷತ್ರಗಳು ಕಡಿಮೆಯೆಂದರೂ 10,000 ಕೋಟಿ. ಇಂಥ ಗ್ಯಾಲಕ್ಸಿಗಳೇ ಎಷ್ಟೋ ಸಾವಿರ ಕೋಟಿ. ಇಲ್ಲಿಗೆ ಬರುವಷ್ಟರಲ್ಲಿ ತಾರಾಲಯದ ಕತ್ತಲಲ್ಲಿ ಅರ್ಧ ಮಕ್ಕಳು ನಿದ್ದೆ ಹೋಗಿರುತ್ತಾರೆ, ಕೆಲವು ಅಪ್ಪಂದಿರು ಗೊರಕೆಯನ್ನೂ ಹೊಡೆಯುತ್ತಿರುತ್ತಾರೆ.

ಪಾಪ, ದಣಿವು ಸಹಜ. ಸುತ್ತಿದ್ದು ಕಡಿಮೆಯೇ? ಭೂಮಿ ಸೂರ್ಯನನ್ನು ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಸುತ್ತುತ್ತಿದೆ. ಮುಕ್ಕಾಲು ಗಂಟೆ ಆ ಮೆತ್ತನೆಯ ಕುರ್ಚಿಯಲ್ಲಿ ಒರಗಿದ್ದವರು ಕದಲದೆ 80,000 ಕಿ.ಮೀ. ಪ್ರಯಾಣ ಮಾಡಿ ಎದ್ದಿರುತ್ತಾರೆ. ಭೂಮಿಗೆ ಎರಡು ಸುತ್ತು ಬಂದಷ್ಟು. ಇದೇ ದೂರವನ್ನು ಗೇಟಿನ ಹೊರಗೆ ನಿಂತ ಆಟೋದಲ್ಲಿ ಹೋಗಿದ್ದರೆ, 2021ರ ದರದಂತೆ ಕಿಲೋಮೀಟರಿಗೆ 15 ರೂಪಾಯಿ ಎಂದೇ ಹಿಡಿದರೂ, ಮೀಟರು 12 ಲಕ್ಷ ರೂಪಾಯಿ ತೋರಿಸುತ್ತಿತ್ತು. ಮೀಟರು ಹಾಕಲು ಒಪ್ಪಿದರೆ, ಅಷ್ಟೇ. ರಾತ್ರಿಯಾಗಿದ್ದರೆ ಒಂದೂವರೆ ಪಟ್ಟು, 18 ಲಕ್ಷ.